ಆಯಿಲ್ ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ

ಸರ್, ನೀವು ಬರೆದಿದ್ದನ್ನು ಪೂರ್ತಿ ಓದಿದೆ. ಕಾರಿಗೆ 20 ವರ್ಷ ಆಗಿದೆ, ಪೆಟ್ರೋಲ್ ಇಂಜಿನ್. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ನೆಲದ ಮೇಲೆ ಎರಡು ಮೂರು ತೊಟ್ಟು ಕಪ್ಪು ಆಯಿಲ್. ಇಂಜಿನ್ನು, ಗೇರ್‌ಬಾಕ್ಸು ಸೇರುವ ಕಡೆ ಕೆಳಗೆಲ್ಲ ಒದ್ದೆ. ಮೆಕ್ಯಾನಿಕ್ ಬಗ್ಗಿ ನೋಡಿ, ಕ್ರ್ಯಾಂಕಿನ (ಇಂಜಿನ್ ಒಳಗೆ ತಿರುಗುವ ಮುಖ್ಯ ದಂಡ) ಹಿಂದಿನ ಆಯಿಲ್ ಸೀಲ್ (ಆಯಿಲ್ ತಡೆಯುವ ರಬ್ಬರ್ ಬಳೆ) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂದಿದ್ದಾರೆ. ಇಳಿಸಲಾ, ಬೇಡವಾ ಅಂತ ಕೇಳಿದ್ದೀರಿ.

ಈಗಲೇ ಇಳಿಸಬೇಡಿ. ಮೊದಲು ಇಂಜಿನ್ ತೊಳೆದು, ಮೇಲಿನಿಂದ ಕೆಳಕ್ಕೆ ನೋಡಿಕೊಂಡು ಬನ್ನಿ. ಅದಕ್ಕೆ ಒಂದು ಭಾನುವಾರ ಸಾಕು.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ನನ್ನ ಹಳೆ ಕಾರಿನಲ್ಲೂ ಇದೇ ಜಾಗ ಒದ್ದೆ ಆಗಿತ್ತು. ಇದೇ ಮಾತು ಕೇಳಿ ಗೇರ್‌ಬಾಕ್ಸ್ ಇಳಿಸಿ ಸೀಲ್ ಹಾಕಿಸಿದೆ. ಬಿಚ್ಚಿದ ಹಳೆ ಸೀಲನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಅಂಚು ಇನ್ನೂ ಮೆತ್ತಗೇ ಇತ್ತು. ಮೂರನೇ ದಿನ ಬೆಳಿಗ್ಗೆ ಅದೇ ಜಾಗದಲ್ಲಿ ಮತ್ತೆ ತೊಟ್ಟು. ಆಮೇಲೆ ಒಂದು ರಾತ್ರಿ ಟಾರ್ಚ್ ಹಿಡಿದು ನಾನೇ ನೋಡಿದೆ. ಇಂಜಿನ್ ಹೆಡ್‌ನ (ಇಂಜಿನ್ನಿನ ಮೇಲಿನ ಭಾಗ) ಹಿಂದಿನ ಮೂಲೆಯಿಂದ ಬ್ಲಾಕ್ (ಅದರ ಕೆಳಗಿನ ಮುಖ್ಯ ಭಾಗ) ಗೋಡೆಯ ಮೇಲೆ ಬೆರಳಗಲದ ಒಂದು ಹೊಳೆಯುವ ಗೆರೆ ಇಳಿದಿತ್ತು. ಎರಡೂ ಪಕ್ಕದಲ್ಲಿ ಧೂಳು ಕೂತು ಕಪ್ಪಾಗಿತ್ತು, ನಡುವೆ ಮಾತ್ರ ತೊಳೆದ ಹಾಗೆ ಲೋಹ ಕಾಣುತ್ತಿತ್ತು. ಸೋರುತ್ತಿದ್ದದ್ದು ಟ್ಯಾಪೆಟ್ ಕವರ್‌ನ, ಅಂದರೆ ಹೆಡ್ ಮೇಲಿನ ಮುಚ್ಚಳದ, ಗ್ಯಾಸ್ಕೆಟ್ (ಸಂದಿಯಲ್ಲಿ ಕೂರುವ ರಬ್ಬರ್ ಪಟ್ಟಿ). ಆಯಿಲ್ ಅಲ್ಲಿಂದ ಬ್ಲಾಕ್ ಹಿಡಿದು ಇಳಿದು, ಬೆಲ್ ಹೌಸಿಂಗ್ (ಗೇರ್‌ಬಾಕ್ಸ್ ಇಂಜಿನ್ನಿಗೆ ಸೇರುವ ಕಡೆಯ, ಕ್ಲಚ್ ಮುಚ್ಚುವ ಕವಚ) ಮೇಲೆ ಹರಡಿ, ಅದರ ತಳದಿಂದ ತೊಟ್ಟಿಕ್ಕುತ್ತಿತ್ತು.

ಆಯಿಲ್ ಹೀಗೇ ಹರಿಯುತ್ತದೆ. ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಹರಡುತ್ತದೆ. ಹಾಗಾಗಿ ಎಲ್ಲಿ ಸೋರಿದರೂ ಕೊನೆಗೆ ಹೆಚ್ಚಾಗಿ ಇಂಜಿನ್ ತಳದ ಹಿಂಭಾಗವೇ ಒದ್ದೆ ಕಾಣುತ್ತದೆ. ಅದನ್ನೇ ನೋಡಿ ಸೀಲ್ ಅಂತ ಹೇಳುವುದು ಬರೀ ಊಹೆ.

ಶುರು ಮಾಡುವ ಮೊದಲು ಅದು ಇಂಜಿನ್ ಆಯಿಲ್ಲೇನಾ ಅಂತ ಖಾತ್ರಿ ಮಾಡಿಕೊಳ್ಳಿ. ರಾತ್ರಿ ತೊಟ್ಟು ಬೀಳುವ ಕಡೆ ಬಿಳಿ ಕಾಗದವನ್ನೋ ದಪ್ಪ ರಟ್ಟನ್ನೋ ಹಾಸಿ. ಇಂಜಿನ್ ಆಯಿಲ್ ಕಂದು ಅಥವಾ ಕಪ್ಪು ಇರುತ್ತದೆ. ಗೇರ್ ಆಯಿಲ್ ಸಾಮಾನ್ಯವಾಗಿ ಇನ್ನೂ ಗಟ್ಟಿ, ಮೂಗಿಗೆ ಹೊಡೆಯುವ ಗಂಧಕದಂಥ ಕಟು ವಾಸನೆ. ಅದು ಸಿಕ್ಕರೆ ಸೋರುತ್ತಿರುವುದು ಗೇರ್‌ಬಾಕ್ಸ್. ಪವರ್ ಸ್ಟೀರಿಂಗ್ ಇದ್ದರೆ ಅದರದ್ದು ಎಷ್ಟೋ ಕಾರುಗಳಲ್ಲಿ ಕೆಂಪು ಆಯಿಲ್.

ಇನ್ನು ಎಷ್ಟು ಹೋಗುತ್ತಿದೆ ಅನ್ನುವುದು. ನೆಲದ ಮೇಲಿನ ತೊಟ್ಟು ನೋಡಿ ಗಾಬರಿ ಆಗಬೇಡಿ, ಸಮಾಧಾನವನ್ನೂ ಪಡಬೇಡಿ. ಸುಮಾರು 20 ತೊಟ್ಟು ಸೇರಿದರೆ 1 ಮಿಲಿಲೀಟರ್. ರಾತ್ರಿಗೆ ಮೂರು ತೊಟ್ಟು ಅಂದರೆ ಏನೂ ಅಲ್ಲ. ಆದರೆ ಇಂಜಿನ್ ಓಡುವಾಗ ಆಯಿಲ್ ಬಿಸಿಯಾಗಿ ತೆಳ್ಳಗಾಗಿರುತ್ತದೆ, ಪ್ರೆಷರ್ ಬೇರೆ ಇರುತ್ತದೆ. ಆಗ ಹೋಗುವುದು ನೆಲದ ಮೇಲೆ ಕಾಣುವುದಿಲ್ಲ. ಅದಕ್ಕೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಗೆರೆ ಹಾಕಿದ ಕಡ್ಡಿ) ಒಂದೇ ಲೆಕ್ಕ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, 10 ನಿಮಿಷ ಬಿಟ್ಟು ನೋಡಿ. ಕಿಲೋಮೀಟರ್ ಬರೆದಿಡಿ, ವಾರಕ್ಕೊಮ್ಮೆ ಮತ್ತೆ ನೋಡಿ. ಹೆಚ್ಚಿನ ಕಾರುಗಳಲ್ಲಿ ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಸುಮಾರು 1 ಲೀಟರ್. ಸೋರಿಕೆ ಪತ್ತೆಯಾಗುವ ತನಕ ಕೆಳಗಿನ ಗೆರೆಗೆ ಇಳಿಯಲು ಬಿಡಬೇಡಿ.

ತೊಳೆಯುವ ಕೆಲಸ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಜಿಡ್ಡು ತೆಗೆಯುವ ಡಿಗ್ರೀಸರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬ್ರಷ್‌ನಲ್ಲಿ ಸ್ವಲ್ಪ ಸೀಮೆಎಣ್ಣೆ ತಗೊಂಡು ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್ ಮಾತ್ರ ಮುಟ್ಟಬೇಡಿ, ಅದರ ಆವಿಗೆ ಒಂದು ಕಿಡಿ ಸಾಕು. ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವುದು), ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವುದು), ಗಾಳಿ ಎಳೆಯುವ ಬಾಯಿ ಇವಕ್ಕೆಲ್ಲ ಪ್ಲಾಸ್ಟಿಕ್ ಸುತ್ತಿ. ಜೋರಾಗಿ ನೀರು ಹೊಡೆಯಬೇಡಿ. ಟ್ಯಾಪೆಟ್ ಕವರ್‌ನ ಸುತ್ತ, ಹೆಡ್ಡಿನ ಎರಡೂ ತುದಿ, ಫಿಲ್ಟರ್ ಸುತ್ತ, ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಅಂಚು, ಬೆಲ್ ಹೌಸಿಂಗ್ ಹೊರಗೆ ಚೊಕ್ಕಟವಾಗಬೇಕು. ಎಲ್ಲ ಪೂರ್ತಿ ಒಣಗಿದ ಮೇಲೆ, ಸುತ್ತಿದ ಪ್ಲಾಸ್ಟಿಕ್ ತೆಗೆದು ಸ್ಟಾರ್ಟ್ ಮಾಡಿ. ಎಷ್ಟೋ ಜನ ಇದನ್ನು ಬೇಜಾರು ಅಂತ ಬಿಡುತ್ತಾರೆ. ಹಳೆ ಕೊಳೆಯ ಮೇಲೆ ಹೊಸ ಆಯಿಲ್ ಹುಡುಕುವುದು ಆಗದ ಕೆಲಸ.

ಕೆಳಗೆ ಹೋಗಬೇಕಾದಾಗ ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ, ಭಾರ ನಿಲ್ಲಬೇಕಾದದ್ದು ಸ್ಟ್ಯಾಂಡ್ ಮೇಲೆ. ಸಮ ನೆಲ, ಚಕ್ರಕ್ಕೆ ಅಡ್ಡ ಕೊಟ್ಟಿರಬೇಕು. ಇದರಲ್ಲಿ ಅವಸರ ಬೇಡ ಸರ್, ದಯವಿಟ್ಟು.

ಒಣಗಿದ ಮೇಲೆ ಅನುಮಾನ ಇರುವ ಅಂಚುಗಳಿಗೆ ಮೈಗೆ ಹಾಕುವ ಟಾಲ್ಕಮ್ ಪೌಡರ್ ತೆಳ್ಳಗೆ ಉದುರಿಸಿ. ಬೆಲ್ಟ್ ಕಡೆ, ಏರ್ ಫಿಲ್ಟರ್ ಕಡೆ ಬೇಡ. ಇಂಜಿನ್ 15 ನಿಮಿಷ ಓಡಿಸಿ, ನಿಲ್ಲಿಸಿ, ಟಾರ್ಚ್ ಹಾಕಿ ನೋಡಿ. ಬಿಳಿ ಪೌಡರ್ ಮೇಲೆ ಆಯಿಲ್ ಹತ್ತಿದ ತಕ್ಷಣ ಕಂದು ಕಲೆ ಎದ್ದು ಕಾಣುತ್ತದೆ. ಏನೂ ಕಾಣದಿದ್ದರೆ 15-20 ಕಿಲೋಮೀಟರ್ ಓಡಿಸಿ ಬಂದು ಮತ್ತೆ ನೋಡಿ. ಕಣ್ಣು ಹೋಗದ ಮೂಲೆಗೆ ಫೋನ್ ಒಳಗೆ ಹಿಡಿದು ಫೋಟೋ ತೆಗೆಯಿರಿ, ಇಂಜಿನ್ ನಿಂತಿರುವಾಗ ಮಾತ್ರ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದ್ದು ಯಾವುದೋ ಅದೇ ಮೂಲ. ಇದರಲ್ಲೂ ಗೊತ್ತಾಗದಿದ್ದರೆ ಆಯಿಲ್‌ಗೆ ಬೆರೆಸುವ ಯುವಿ ಡೈ ಸಿಗುತ್ತದೆ. ಹಾಕಿ ಓಡಿಸಿ, ಕತ್ತಲಲ್ಲಿ ಯುವಿ ಲೈಟ್ ಹಿಡಿದರೆ ಸೋರುವ ದಾರಿ ಹಳದಿ ಹಸಿರಾಗಿ ಹೊಳೆಯುತ್ತದೆ.

ನೀವು ಹೇಳಿದ ಜಾಗಕ್ಕೆ ನನ್ನ ಅನುಮಾನ ಮೂರರ ಮೇಲೆ. ಮೊದಲನೆಯದು ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಅದರಲ್ಲೂ ಗೇರ್‌ಬಾಕ್ಸ್ ಕಡೆಯ ಮೂಲೆ. ಎರಡನೆಯದು ಡಿಸ್ಟ್ರಿಬ್ಯೂಟರ್ ಇದ್ದರೆ ಅದರ ಓ ರಿಂಗ್. ಎಷ್ಟೋ ಹಳೆ ಇಂಜಿನ್‌ಗಳಲ್ಲಿ ಡಿಸ್ಟ್ರಿಬ್ಯೂಟರ್ ಹೆಡ್ಡಿನ ತುದಿಯಲ್ಲಿ, ಬೆಲ್ ಹೌಸಿಂಗ್‌ನ ನೇರ ಮೇಲೆ ಕೂತಿರುತ್ತದೆ. ಅದರ ರಬ್ಬರ್ ರಿಂಗ್ ಗಟ್ಟಿಯಾದರೆ ಆಯಿಲ್ ನೇರ ಕೆಳಗಿಳಿಯುತ್ತದೆ. ಅದನ್ನು ಬಿಚ್ಚುವ ಮುಂಚೆ ಬಾಡಿ ಎಲ್ಲಿ ಕೂತಿದೆ, ಅದರೊಳಗೆ ತಿರುಗುವ ರೋಟರ್ ಯಾವ ಕಡೆ ತಿರುಗಿದೆ ಅಂತ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಪ್ಲಗ್ ಕಿಡಿಯ ಟೈಮಿಂಗ್ ತಪ್ಪುತ್ತದೆ. ಮೂರನೆಯದು ಆಯಿಲ್ ಪ್ರೆಷರ್ ಸ್ವಿಚ್, ಡ್ಯಾಶ್‌ಬೋರ್ಡ್‌ನ ಆಯಿಲ್ ಲೈಟ್ ಹತ್ತಿಸುವುದು. ಅದರ ವೈರ್ ಕನೆಕ್ಟರ್ ಎಳೆದು ಒಳಗೆ ನೋಡಿ. ಒಳಗೆ ಆಯಿಲ್ ಇದ್ದರೆ ಸ್ವಿಚ್ ಒಳಗಿನಿಂದಲೇ ಸೋರುತ್ತಿದೆ, ಬದಲಾಯಿಸಿದರೆ ಮುಗಿಯಿತು.

ಈ ಮೂರಕ್ಕೂ ಮೊದಲು ನೋಡಲೇಬೇಕಾದದ್ದು ಒಂದಿದೆ. ಬ್ರೀದರ್. ಇದನ್ನು ಯಾರೂ ನೋಡುವುದಿಲ್ಲ, ನನಗೆ ತುಂಬಾ ಬೇಸರವಾಗುವುದು ಇಲ್ಲೇ. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಯಾವಾಗಲೂ ಇಂಜಿನ್ ಹೊಟ್ಟೆಗೆ ಇಳಿಯುತ್ತದೆ. ಅದು ಹೊರಗೆ ಹೋಗಲು ಬ್ರೀದರ್ ಪೈಪ್, ಪಿಸಿವಿ ವಾಲ್ವ್ (ಆ ಗ್ಯಾಸನ್ನು ಇಂಜಿನ್ ಎಳೆಯುವ ಗಾಳಿಗೇ ಬಿಡುವ ಸಣ್ಣ ವಾಲ್ವ್) ಇಟ್ಟಿರುತ್ತಾರೆ. ಅದು ಕೊಳೆ ತುಂಬಿ ಕಟ್ಟಿಕೊಂಡರೆ ಒಳಗೆ ಪ್ರೆಷರ್ ಏರುತ್ತದೆ. ಆಗ ಆಯಿಲ್ ಎಲ್ಲಿ ಸಡಿಲ ಇದೆಯೋ ಅಲ್ಲಿಂದ ತಳ್ಳಿಕೊಂಡು ಬರುತ್ತದೆ. ಚೆನ್ನಾಗಿರುವ ಸೀಲೂ ಆಗ ಒಸರುತ್ತದೆ. ಗ್ಯಾಸ್ಕೆಟ್ ಹಾಕಿದ ಆರು ತಿಂಗಳಿಗೇ ಮತ್ತೆ ಸೋರಿತು ಅನ್ನುವ ಎಷ್ಟೋ ಕತೆಗಳ ಹಿಂದೆ ಇದೇ ಇರುತ್ತದೆ.

ಪರೀಕ್ಷೆ ಸುಲಭ. ಪಿಸಿವಿ ಇರುವ ಇಂಜಿನ್ ಆದರೆ ಬಿಸಿಯಾದ ಮೇಲೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಡಿ, ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಯ ಮೇಲೆ ಪುಟ್ಟ ಕಾಗದ ಇಡಿ. ಕಾಗದ ಮೆಲ್ಲಗೆ ಒಳಕ್ಕೆ ಅಂಟಿಕೊಂಡರೆ ಸರಿ ಇದೆ. ಎಗರಿ ಬಿದ್ದರೆ ಒಳಗೆ ಪ್ರೆಷರ್ ಇದೆ. ವಾಲ್ವ್ ಬಿಚ್ಚಿ ಅಲ್ಲಾಡಿಸಿ, ಹೆಚ್ಚಿನವು ಟಕ ಟಕ ಅನ್ನಬೇಕು. ಸದ್ದು ಬರದಿದ್ದರೆ ಹೊಸದು ಹಾಕಿ. ಪೈಪ್ ಒಳಗೆ ಗಸಿ ಇದ್ದರೆ ತೊಳೆಯಿರಿ, ಸೀಳಿದ್ದರೆ ಬದಲಾಯಿಸಿ. ಎಲ್ಲ ಶುದ್ಧ ಮಾಡಿದ ಮೇಲೂ ಬುಸು ಬುಸು ಅಂತ ಗಾಳಿ ಬರುತ್ತಿದ್ದರೆ ರಿಂಗ್ ಸವೆದಿರಬಹುದು. ಆಗ ಸಿಲಿಂಡರ್ ಒಳಗಿನ ಒತ್ತಡ, ಅಂದರೆ ಕಂಪ್ರೆಷನ್, ನೋಡಿಸಬೇಕು, ಅದು ಬೇರೆಯೇ ವಿಷಯ.

ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಅಂತ ಗೊತ್ತಾದರೆ ನೀವೇ ಹಾಕಬಹುದು. ಇಂಜಿನ್ ತಣ್ಣಗಿರಲಿ. ಪ್ಲಗ್ ವೈರ್‌ಗಳಿಗೆ ನಂಬರ್ ಚೀಟಿ ಅಂಟಿಸಿ ತೆಗೆಯಿರಿ. ಬೋಲ್ಟ್‌ಗಳನ್ನು ಒಂದೊಂದೇ ಪೂರ್ತಿ ಬಿಚ್ಚದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲಿಸಿ. ಕವರ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ. ಅಲ್ಯೂಮಿನಿಯಂಗೆ ಗೀರು ಬಿದ್ದರೆ ಅದೇ ಮುಂದೆ ಸೋರುವ ದಾರಿ. ಮರದ ತುಂಡಿನಿಂದ ಪಕ್ಕದಲ್ಲಿ ಮೆಲ್ಲಗೆ ತಟ್ಟಿ, ಬಿಡುತ್ತದೆ.

ಹಳೆ ಗ್ಯಾಸ್ಕೆಟ್ ಕೈಗೆ ತಗೊಂಡು ಬಗ್ಗಿಸಿ ನೋಡಿ. ರಬ್ಬರ್ ಅನ್ನುವುದೇ ಮರೆತು ಪ್ಲಾಸ್ಟಿಕ್ ಕಡ್ಡಿಯ ಹಾಗೆ ಆಗಿರುತ್ತದೆ, ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತದೆ. ವರ್ಷಗಟ್ಟಲೆ ಬಿಸಿ ತಿಂದು ಆದದ್ದು. ಅದರ ಚೂರು ಹೆಡ್ ಒಳಗೆ ಬೀಳದ ಹಾಗೆ ಶುದ್ಧ ಬಟ್ಟೆ ಮುಚ್ಚಿ ಅಂಚು ಕೆರೆಯಿರಿ. ಎರಡೂ ಅಂಚಿನಲ್ಲಿ ಒಂದು ಹನಿ ಆಯಿಲ್ಲೂ ಇರಬಾರದು.

ಈಗ ಸಿಲಿಕೋನ್ ವಿಷಯ. ಸೋರುತ್ತದೆ ಅಂತ ಸುತ್ತಲೂ ದಪ್ಪಗೆ ಬಳಿಯುವುದನ್ನು ನೋಡಿದ್ದೇನೆ. ಬೇಡ. ರಬ್ಬರ್ ಗ್ಯಾಸ್ಕೆಟ್ ಒಣಗಿದ ಹಾಗೇ ಕೂರಬೇಕು. ಕ್ಯಾಮ್ ಕ್ಯಾಪ್ (ವಾಲ್ವ್ ತೆರೆಯುವ ದಂಡವನ್ನು ಹಿಡಿದಿಡುವ ತುಂಡು) ಸೇರುವ ಮೂಲೆ, ಅರ್ಧಚಂದ್ರದ ಆಕಾರದ ಜಾಗ, ಅಲ್ಲಿ ಮಾತ್ರ ಒಂದೊಂದು ಬೊಟ್ಟು ಸಾಕು. ಜಾಸ್ತಿ ಹಾಕಿದರೆ ಒಳಕ್ಕೆ ಉಕ್ಕಿದ್ದು ಗಟ್ಟಿಯಾಗಿ ಕಳಚಿ ಚೇಂಬರ್‌ಗೆ ಬೀಳುತ್ತದೆ. ಆಯಿಲ್ ಪಂಪ್ ಎಳೆಯುವ ಜಾಲರಿಗೆ ಅಂಟಿಕೊಂಡರೆ ಇಂಜಿನ್‌ಗೆ ಆಯಿಲ್ಲೇ ಹೋಗುವುದಿಲ್ಲ. ಸಣ್ಣ ಸೋರಿಕೆ ನಿಲ್ಲಿಸಲು ಹೋಗಿ ಇಂಜಿನ್ ಕಳೆದುಕೊಂಡ ಹಾಗೆ.

ಬೋಲ್ಟ್ ಬಿಗಿ ಮಾಡುವಾಗ ನಡುವಿನಿಂದ ಶುರು ಮಾಡಿ ಹೊರಕ್ಕೆ, ಅಡ್ಡಡ್ಡವಾಗಿ, ಎರಡು ಸುತ್ತಿನಲ್ಲಿ. ಅನೇಕ ಇಂಜಿನ್‌ಗಳಲ್ಲಿ ಈ ಬೋಲ್ಟ್‌ಗೆ 10 ನ್ಯೂಟನ್ ಮೀಟರ್ ಆಸುಪಾಸು ಮಾತ್ರ. ನಿಮ್ಮ ಕಾರಿನ ಸರಿಯಾದ ಲೆಕ್ಕ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ, ಅದನ್ನೇ ಹಿಡಿಯಿರಿ. ಇನ್ನಷ್ಟು ಬಿಗಿ ಮಾಡಿದರೆ ಸೋರುವುದಿಲ್ಲ ಅನ್ನುವುದು ತಪ್ಪು. ಕವರ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೊರಕ್ಕೆ ಹಿಂಡಿಕೊಂಡು ಬರುತ್ತದೆ. ಬೋಲ್ಟ್ ಕೆಳಗೆ ರಬ್ಬರ್ ವಾಷರ್ ಇದ್ದರೆ ಅವನ್ನೂ ಹೊಸದು ಹಾಕಿ. ಪ್ಲಗ್ ಗುಂಡಿಯ ಸುತ್ತಲಿನ ಸೀಲ್‌ಗಳೂ ಅಷ್ಟೇ.

ಕೆಳಭಾಗದಲ್ಲಿ ಇಷ್ಟು ನೋಡಿಬಿಡಿ. ಆಯಿಲ್ ಬದಲಾಯಿಸಿದ ಮೇಲೆ ಶುರುವಾದ ಸೋರಿಕೆ ಆದರೆ ಡ್ರೈನ್ ಬೋಲ್ಟ್ ವಾಷರ್ ಅಥವಾ ಫಿಲ್ಟರ್. ಹಳೆ ಫಿಲ್ಟರ್‌ನ ರಬ್ಬರ್ ರಿಂಗ್ ಕೆಲವು ಸಲ ಬ್ಲಾಕ್‌ಗೇ ಅಂಟಿಕೊಂಡು ಉಳಿಯುತ್ತದೆ, ಅದರ ಮೇಲೆ ಹೊಸದು ಕೂತರೆ ಸೋರದೆ ಇರುವುದಿಲ್ಲ. ಟೈಮಿಂಗ್ ಬೆಲ್ಟ್ ಕಡೆಯ ಸೀಲ್ ಸೋರಿ ಬೆಲ್ಟ್‌ಗೆ ಆಯಿಲ್ ತಗುಲಿದ್ದರೆ ಸೀಲ್ ಜೊತೆ ಬೆಲ್ಟ್ ಕೂಡ ಬದಲಾಯಿಸಿ.

ಮೇಲೆಲ್ಲ ಒಣಗಿದ ಹಾಗೇ ಇದ್ದು, ಬೆಲ್ ಹೌಸಿಂಗ್ ತಳದ ತೂತಿನಿಂದಲೇ ಇಂಜಿನ್ ಆಯಿಲ್ ಬರುತ್ತಿದ್ದರೆ ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ ಇರಬಹುದು. ಆಗಲೂ ಒಸರುವುದಕ್ಕೂ ತೊಟ್ಟಿಕ್ಕುವುದಕ್ಕೂ ವ್ಯತ್ಯಾಸ ಇದೆ. ಬರೀ ಒಸರುತ್ತಿದ್ದರೆ, ಡಿಪ್‌ಸ್ಟಿಕ್ ಲೆವೆಲ್ ಇಳಿಯದಿದ್ದರೆ, ಮುಂದೆ ಕ್ಲಚ್ ಕೆಲಸ ಬಂದಾಗ ಸೀಲನ್ನೂ ಹಾಕಿಸಿ. ಹೇಗೂ ಆಗ ಗೇರ್‌ಬಾಕ್ಸ್ ಇಳಿಸಲೇಬೇಕಲ್ವಾ. ಕ್ಲಚ್ ಜಾರಲು ಶುರುವಾದರೆ ಮಾತ್ರ ಕಾಯಬೇಡಿ, ಆಯಿಲ್ ಪ್ಲೇಟ್‌ಗೆ ತಗುಲಿರಬಹುದು. ಸೀಲ್ ಹಾಕುವಾಗ ಕ್ರ್ಯಾಂಕ್ ಮೇಲೆ ಸೀಲ್ ಉಜ್ಜಿದ ಜಾಗಕ್ಕೆ ಉಗುರು ಎಳೆದು ನೋಡಲು ಹೇಳಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಕೊರೆದಿದೆ, ಹೊಸ ಸೀಲ್ ಹಾಕಿದರೂ ಮತ್ತೆ ಸೋರಬಹುದು. ಅದಕ್ಕೆ ಕ್ರ್ಯಾಂಕ್ ಮೇಲೆ ತೊಡಿಸುವ ತೆಳುವಾದ ಸ್ಲೀವ್ ಬರುತ್ತದೆ.

ಸೋರಿಕೆ ನಿಲ್ಲಿಸುವ ಔಷಧಿ ಅಂತ ಆಯಿಲ್‌ಗೆ ಹಾಕುವ ಬಾಟಲಿ ಬಗ್ಗೆಯೂ ಕೇಳಿದ್ದೀರಿ. ಅದು ಗಟ್ಟಿಯಾದ ರಬ್ಬರ್ ಸೀಲನ್ನು ಮೆತ್ತಗೆ ಮಾಡಿ ಸ್ವಲ್ಪ ಉಬ್ಬಿಸುತ್ತದೆ, ಅಷ್ಟೇ. ಹರಿದ ಸೀಲ್, ಮುರಿದ ಗ್ಯಾಸ್ಕೆಟ್ ಅದರಿಂದ ಸರಿ ಹೋಗುವುದಿಲ್ಲ. ಹುಡುಕುವ ಮೊದಲೇ ಅಂತೂ ಹಾಕಬೇಡಿ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡುವ ಹಾಗಿಲ್ಲ. ಆಯಿಲ್ ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿನಿಂದ ಹೊಗೆ ಹೊರಡುವ ಪೈಪು) ಮೇಲೆ ಬೀಳುತ್ತಿದ್ದರೆ, ಬಾನೆಟ್ ಕಡೆಯಿಂದ ಸುಟ್ಟ ವಾಸನೆ ಅಥವಾ ಹೊಗೆ ಬಂದರೆ, ಗಾಡಿ ಓಡಿಸಬೇಡಿ. ಬೆಂಕಿ ಹತ್ತಬಹುದು. ಹಾಗೆಯೇ ಓಡುವಾಗ ಆಯಿಲ್ ಲೈಟ್ ಹತ್ತಿದರೆ ಸುರಕ್ಷಿತವಾಗಿ ಪಕ್ಕಕ್ಕೆ ತಗೊಂಡು ತಕ್ಷಣ ಇಂಜಿನ್ ಆಫ್ ಮಾಡಿ.

ಪೌಡರ್ ಹಾಕಿ ಓಡಿಸಿದ ಮೇಲೆ ಫೋಟೋ ಇಲ್ಲಿ ಹಾಕಿ ಸರ್, ಗೇರ್‌ಬಾಕ್ಸ್ ಕಡೆಯ ಟ್ಯಾಪೆಟ್ ಕವರ್ ಮೂಲೆಯದ್ದು ಮೊದಲು. ಕಾಗದದ ಪರೀಕ್ಷೆಯಲ್ಲಿ ಏನಾಯಿತು ಅಂತಲೂ ಬರೆಯಿರಿ. ನೋಡಿ ಹೇಳುತ್ತೇನೆ.