ಕೆಲಸದ ವಿಧಾನ ಸುಧಾರಿಸುವ ಚರ್ಚೆಗೆ ಮ್ಯಾನೇಜರ್‌ಗಳಷ್ಟೇ ಸಾಕಾ? ಇನ್ಯಾರನ್ನು ಸೇರಿಸಿಕೊಳ್ಳಬೇಕು?

ಸಾಲದು. ಆ ಕೆಲಸವನ್ನು ದಿನಾ ಕೈಯಾರೆ ಮಾಡುವವರು ಮೊದಲು ಬೇಕು. ಜೊತೆಗೆ ಅದರ ಹಿಂದಿನ ಮತ್ತು ಮುಂದಿನ ಹಂತದವರು ಬೇಕು. ಬದಲಾವಣೆಗೆ ಒಪ್ಪಿಗೆ ಕೊಡಬಲ್ಲ ಒಬ್ಬರೂ ಇರಲಿ, ಇಲ್ಲದಿದ್ದರೆ ಮಾತು ಮಾತಾಗಿಯೇ ಉಳಿಯುತ್ತದೆ.

ಯಾಕೆಂದರೆ ಕಾಗದದಲ್ಲಿರುವ ಕೆಲಸ ಬೇರೆ, ನಿಜವಾಗಿ ನಡೆಯುವ ಕೆಲಸ ಬೇರೆ. ಇವೆರಡರ ನಡುವಿನ ಅಂತರ ಮಾಡುವವರಿಗೇ ಚೆನ್ನಾಗಿ ಗೊತ್ತು. ನಾನು ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿದ್ದಾಗ ಆಫೀಸಿನವರು ಹೊಸ ಫಾರ್ಮ್ ತಂದರು. ಪ್ರತಿ ಪೀಸ್ ಅಳತೆ ಮಾಡಿದ ಕೂಡಲೇ ಬರೆಯಬೇಕಿತ್ತು. ಆದರೆ ಕೈತುಂಬಾ ಎಣ್ಣೆ, ಪೆನ್ನು ಹಿಡಿಯೋದು ಹೇಗೆ? ಎಲ್ಲರೂ ಶಿಫ್ಟ್ ಮುಗಿಯುವಾಗ ನೆನಪಿನಿಂದ ತುಂಬುತ್ತಿದ್ದರು. ಅಳತೆಗಳೆಲ್ಲ ಸುಮ್ನೆ ಅಂದಾಜು! ಒಬ್ಬ ಆಪರೇಟರ್‌ನನ್ನು ಮೊದಲೇ ಕೇಳಿದ್ದರೆ ಎರಡು ನಿಮಿಷದಲ್ಲಿ ಹೇಳುತ್ತಿದ್ದ, ಅಲ್ವಾ? ಇದು ಇವತ್ತಿಗೂ ನನಗೆ ಬೇಸರದ ವಿಷಯ.

ನಮ್ಮ ಬಿಡದಿಯಲ್ಲೂ ಕಾರ್ಖಾನೆ ಇರುವ ಟೊಯೊಟಾ, ಕೆಲಸಗಾರರಿಂದ ಸಲಹೆ ಪಡೆಯುವ ಪದ್ಧತಿಯನ್ನು ಜಪಾನಿನಲ್ಲಿ 1951ರಲ್ಲೇ ಶುರು ಮಾಡಿತು. ತೊಂದರೆ ಕಂಡರೆ ಅಲ್ಲಿನ ಕೆಲಸಗಾರರೇ ಹಗ್ಗ ಎಳೆದು ಉತ್ಪಾದನಾ ಲೈನ್ ನಿಲ್ಲಿಸಬಹುದು.

ಜನ ಜಾಸ್ತಿ ಬೇಡ, ಐದಾರು ಮಂದಿ ಸಾಕು. ರಾತ್ರಿ ಪಾಳಿಯವರನ್ನು, ಗುತ್ತಿಗೆ ಕೆಲಸಗಾರರನ್ನು ಮರೆಯಬೇಡಿ. ಮೀಟಿಂಗ್ ರೂಮಿನ ಬದಲು ಮಷಿನ್ ಪಕ್ಕದಲ್ಲೇ ನಿಂತು ಮಾತಾಡಿ. ಆಪರೇಟರ್ ಮೊದಲು ಮಾತಾಡಲಿ, ಮ್ಯಾನೇಜರ್ ಕೊನೆಗೆ.