ಗ್ರಾಫ್ ಹಾಳೆಯಲ್ಲಿ ಬಿಂದು ಗುರುತಿಸುವುದು, ಸ್ಕ್ಯಾಟರ್ ಪ್ಲಾಟ್ ಓದುವುದು ಹೇಗೆ?

ನಿಮ್ಮ ತೊಡಕು ಎರಡು: (3, 5) ಮತ್ತು (5, 3) ಪದೇ ಪದೇ ಅದಲುಬದಲಾಗುತ್ತವೆ, ಸ್ಕ್ಯಾಟರ್ ಪ್ಲಾಟ್ (ಎರಡು ಅಳತೆಗಳ ಜೋಡಿಗಳನ್ನು ಚುಕ್ಕೆಗಳಾಗಿ ತೋರಿಸುವ ಗ್ರಾಫ್) ಕೊಟ್ಟು "ಸಂಬಂಧ ವಿವರಿಸಿ" ಅಂದರೆ ಏನು ಬರೆಯಬೇಕೆಂದು ತೋಚುವುದಿಲ್ಲ. ನನ್ನ ಪ್ರಕಾರ ಇವೆರಡರ ಬೇರು ಒಂದೇ. ಒಂದು ಚುಕ್ಕೆ ಏನು ಹೇಳುತ್ತಿದೆ ಎಂಬುದನ್ನು ಪೂರ್ತಿ ವಾಕ್ಯದಲ್ಲಿ ಹೇಳಿ ನೋಡಿ, ಎರಡೂ ಬಿಡಿಸಿಕೊಳ್ಳುತ್ತವೆ.

ಮೊದಲು ಕ್ರಮದ ಮಾತು. ಆವರಣದೊಳಗಿನ ಮೊದಲ ಸಂಖ್ಯೆ ಎಡ-ಬಲಕ್ಕೆ, ಎರಡನೆಯದು ಮೇಲೆ-ಕೆಳಗೆ. (−3, 5) ಗುರುತಿಸಲು ಪೆನ್ಸಿಲ್ಲನ್ನು ಮೂಲಬಿಂದುವಿನಲ್ಲಿ, ಅಂದರೆ ಎರಡು ಅಕ್ಷಗಳು ಕೂಡುವ (0, 0)ದಲ್ಲಿ ಇಡಿ, 3 ಮಾನ ಎಡಕ್ಕೆ ಸರಿಸಿ, ನಿಂತ ಜಾಗದಿಂದಲೇ 5 ಮಾನ ಮೇಲಕ್ಕೆ ಹೋಗಿ. ಅಲ್ಲಿ ಒಂದೇ ಒಂದು ಚುಕ್ಕೆ. ಎಷ್ಟೋ ಮಂದಿ ಅಡ್ಡಗೆರೆಯಾದ ಎಕ್ಸ್ ಅಕ್ಷದ ಮೇಲೊಂದು, ಲಂಬಗೆರೆಯಾದ ವೈ ಅಕ್ಷದ ಮೇಲೊಂದು ಚುಕ್ಕೆ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಅವು ಎರಡು ಬೇರೆಯೇ ಬಿಂದುಗಳು. ಸೊನ್ನೆ ಬಂದಾಗಲೂ ಎಡವುತ್ತಾರೆ: (0, 4) ಎಂದರೆ ಅಡ್ಡಕ್ಕೆ ಚಲನೆಯೇ ಇಲ್ಲ, ಹಾಗಾಗಿ ಅದು ವೈ ಅಕ್ಷದ ಮೇಲಿದೆ. ಅಕ್ಷದ ಮೇಲಿರುವ ಬಿಂದು ಯಾವ ಚತುರ್ಥಕಕ್ಕೂ (ಅಕ್ಷಗಳು ಹಾಳೆಯನ್ನು ಸೀಳುವ ನಾಲ್ಕು ಭಾಗಗಳಲ್ಲಿ ಒಂದು) ಸೇರುವುದಿಲ್ಲ.

ಪ್ರಮಾಣ ಆರಿಸುವಾಗಲೇ ಅರ್ಧ ತಪ್ಪುಗಳು ನುಸುಳುತ್ತವೆ. ಗ್ರಾಫ್ ಹಾಳೆಯ 1 ಸೆಂ.ಮೀ.ಯಲ್ಲಿ ಹತ್ತು ಚಿಕ್ಕ ಮನೆಗಳಿರುತ್ತವೆ. ಆದ್ದರಿಂದ 1 ಸೆಂ.ಮೀ.ಗೆ 1, 2, 5 ಅಥವಾ 10 ಮಾನ ಇಟ್ಟುಕೊಳ್ಳಿ. 3 ಇಟ್ಟರೆ ಚಿಕ್ಕ ಮನೆಗೆ 0.3 ಆಗುತ್ತದೆ, 5 ಅನ್ನು ಗುರುತಿಸಲು ಸುಮಾರು 16.7 ಮಿ.ಮೀ. ಹುಡುಕಬೇಕು, ಅಂಥ ಗೆರೆ ಹಾಳೆಯಲ್ಲಿಲ್ಲ. ಅಂಕಿಗಳನ್ನು ಮನೆಯ ನಡುವೆ ಬರೆಯದೆ ಗೆರೆಯ ನೇರಕ್ಕೇ ಬರೆಯಿರಿ. ದತ್ತಾಂಶದಲ್ಲಿ 4, 5, 7, 10 ಇದೆ ಎಂದು ಅವನ್ನೇ ಸಮ ಅಂತರದಲ್ಲಿ ಬರೆದುಬಿಡುವುದು ಇನ್ನೂ ದೊಡ್ಡ ತಪ್ಪು. ಎಕ್ಸೆಲ್‌ನಲ್ಲಿ "ಸ್ಕ್ಯಾಟರ್" ಬದಲು "ಲೈನ್" ಚಾರ್ಟ್ ಆರಿಸಿದರೆ ಇದೇ ಎಡವಟ್ಟಾಗುತ್ತದೆ: ಅದು ಎಕ್ಸ್ ಬೆಲೆಗಳನ್ನು ಬರೀ ಹೆಸರುಗಳೆಂದು ತಿಳಿದು ಸಾಲಾಗಿ ಕೂರಿಸುತ್ತದೆ.

ಈಗ ಸ್ಕ್ಯಾಟರ್ ಪ್ಲಾಟ್. ಒಂದೇ ಗಿಡದ ಏಳು ಎಲೆಗಳ ಉದ್ದ, ಅಗಲ ಸೆಂ.ಮೀ.ಗಳಲ್ಲಿ ಹೀಗಿವೆ ಅಂದುಕೊಳ್ಳಿ: (4, 2.1), (5, 2.4), (6, 3.2), (7, 3.4), (8, 4.1), (9, 4.3), (10, 5.2). ಒಂದು ಚುಕ್ಕೆ ಎಂದರೆ ಒಂದು ಎಲೆ. (6, 3.2) ಅನ್ನು "6 ಸೆಂ.ಮೀ. ಉದ್ದದ ಈ ಎಲೆಯ ಅಗಲ 3.2 ಸೆಂ.ಮೀ." ಎಂದು ಓದಿ. ಚುಕ್ಕೆಗಳನ್ನು ಗೆರೆಯೆಳೆದು ಜೋಡಿಸಬೇಡಿ; ಒಂದು ಎಲೆಯಿಂದ ಇನ್ನೊಂದಕ್ಕೆ ದಾರಿಯೇನೂ ಇಲ್ಲವಲ್ಲ.

ಉತ್ತರ ಬರೆಯುವಾಗ ನಾಲ್ಕು ಸಂಗತಿ ನೋಡಿ: ಗುಂಪು ಎತ್ತ ವಾಲಿದೆ, ನೇರವಾಗಿದೆಯೋ ಬಾಗಿದೆಯೋ, ಎಷ್ಟು ಒತ್ತಾಗಿದೆ, ಗುಂಪಿನಿಂದ ಸಿಡಿದು ನಿಂತದ್ದು ಯಾವುದಾದರೂ ಇದೆಯೇ. ಇಲ್ಲಿ "ಉದ್ದ ಹೆಚ್ಚಿದಂತೆ ಅಗಲವೂ ಹೆಚ್ಚುತ್ತದೆ, ಸಂಬಂಧ ಹೆಚ್ಚುಕಡಿಮೆ ನೇರ, ಬಲವಾದದ್ದು, ಹೊರಗುಳಿದ ಬಿಂದು ಇಲ್ಲ" ಎಂದರೆ ಸಾಕು. "ಧನ ಸಹಸಂಬಂಧ" (ಒಂದು ಹೆಚ್ಚಿದಂತೆ ಇನ್ನೊಂದೂ ಹೆಚ್ಚುವುದು) ಎಂಬ ಎರಡೇ ಪದ ಬರೆದು ಸುಮ್ಮನಾದರೆ ಎಲೆಯ ವಿಷಯ ಏನೂ ಹೇಳಿದಂತಾಗಲಿಲ್ಲ.

ಇನ್ನು (6, 3.2) ಅನ್ನು ಯಾರೋ ತಿರುವುಮುರುವಾಗಿ (3.2, 6) ಎಂದು ಗುರುತಿಸಿದರು ಅನ್ನಿ. ಉಳಿದವು ಕೆಳಗಡೆ ಸಾಲುಗಟ್ಟಿದ್ದರೆ ಇದೊಂದು ಮೇಲೆ ಎಡಮೂಲೆಯಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಓದಿ ನೋಡಿ: "3.2 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ." ಉಳಿದ ಎಲೆಗಳ ಅಗಲ ಉದ್ದದ ಅರ್ಧದಷ್ಟಿರುವಾಗ ಇದು ಅನುಮಾನ ಹುಟ್ಟಿಸಬೇಕು. ಸಿಡಿದು ನಿಂತ ಬಿಂದು ಕಂಡಾಕ್ಷಣ ಅಳಿಸಬಾರದು. ಮೊದಲು ಕೋಷ್ಟಕಕ್ಕೆ ಹಿಂತಿರುಗಿ ತಾಳೆ ನೋಡಬೇಕು. ಬರೆದದ್ದು ಸರಿಯಿದ್ದರೆ ಅದು ನಿಜಕ್ಕೂ ವಿಚಿತ್ರ ಎಲೆ, ಅಲ್ಲೇ ಇರಲಿ.

ಚುಕ್ಕೆಗಳ ಗುಂಪು ಒಟ್ಟಾರೆ ಎತ್ತ ವಾಲಿದೆ ಎಂದು ತೋರಿಸುವ ಅಂದಾಜು ಗೆರೆ ಎಳೆಯುವಾಗ ಪಾರದರ್ಶಕ ಸ್ಕೇಲ್ ಒಳ್ಳೆಯದು. ಗೆರೆ ಮೂಲಬಿಂದುವಿನ ಮೂಲಕವೇ ಹೋಗಬೇಕೆಂದಾಗಲಿ, ಮೊದಲ ಮತ್ತು ಕೊನೆಯ ಚುಕ್ಕೆ ಮುಟ್ಟಬೇಕೆಂದಾಗಲಿ ನಿಯಮವಿಲ್ಲ. ಮೇಲೆ ಉಳಿಯುವ ದೂರಗಳೂ ಕೆಳಗೆ ಉಳಿಯುವವೂ ಸುಮಾರಾಗಿ ಸರಿದೂಗಬೇಕು. ನಮ್ಮ ಎಲೆಗಳಿಗೆ (4, 2) ಮತ್ತು (10, 5) ಮೂಲಕ ಹೋಗುವ ಗೆರೆ ಚೆನ್ನಾಗಿ ಹೊಂದುತ್ತದೆ. ಇಳಿಜಾರು 3 ÷ 6 = 0.5, ಅಂದರೆ ಉದ್ದ 1 ಸೆಂ.ಮೀ. ಹೆಚ್ಚಿದರೆ ಅಗಲ ಅರ್ಧ ಸೆಂ.ಮೀ. ಹೆಚ್ಚುತ್ತದೆ. 8.5 ಸೆಂ.ಮೀ. ಎಲೆಗೆ ಸುಮಾರು 4.25 ಎಂದು ಹೇಳಬಹುದು. 25 ಸೆಂ.ಮೀ. ಎಲೆಗೆ ಇದೇ ಗೆರೆ ಎಳೆದುಕೊಂಡು ಹೋಗಬೇಡಿ. 10ರ ಆಚೆ ನಮ್ಮ ಬಳಿ ಒಂದು ಚುಕ್ಕೆಯೂ ಇಲ್ಲ. ಉದ್ದವೇ ಅಗಲಕ್ಕೆ ಕಾರಣ ಎಂದೂ ಬರೆಯಬೇಡಿ, ಎಲೆ ಬೆಳೆದಂತೆ ಎರಡೂ ಒಟ್ಟಿಗೆ ಬೆಳೆದಿವೆ ಅಷ್ಟೆ.

ಸಹಸಂಬಂಧಾಂಕ ಎಂದರೆ ಚುಕ್ಕೆಗಳು ಒಂದು ನೇರ ಗೆರೆಗೆ ಎಷ್ಟು ಹತ್ತಿರ ಇವೆ, ಎತ್ತ ವಾಲಿವೆ ಎಂದು ಹೇಳುವ, −1ರಿಂದ 1ರವರೆಗಿನ ಸಂಖ್ಯೆ. ಅದನ್ನು ಲೆಕ್ಕ ಹಾಕಿದ್ದೇವೆಂದು ಚಿತ್ರ ನೋಡುವುದನ್ನು ಬಿಡಬಾರದು. (−2, 4), (−1, 1), (0, 0), (1, 1), (2, 4) ಗುರುತಿಸಿ: ಬಟ್ಟಲಿನಂಥ ಸ್ಪಷ್ಟ ಆಕಾರ, ಆದರೂ ಸಹಸಂಬಂಧಾಂಕ ಸೊನ್ನೆ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆ್ಯನ್ಸ್‌ಕೋಂಬ್ 1973ರಲ್ಲಿ ಹನ್ನೊಂದು ಹನ್ನೊಂದು ಬಿಂದುಗಳ ನಾಲ್ಕು ಕೋಷ್ಟಕ ಕೊಟ್ಟರು. ನಾಲ್ಕರಲ್ಲೂ ಸಹಸಂಬಂಧಾಂಕ ಸುಮಾರು 0.82, ಗೆರೆಯ ಇಳಿಜಾರು ಸುಮಾರು 0.5. ಗ್ರಾಫಿನಲ್ಲಿ ಹಾಕಿದರೆ ಒಂದು ಸಾಧಾರಣ ಗುಂಪು, ಒಂದು ಬಾಗಿದ ಸಾಲು, ಒಂದು ನೇರ ಸಾಲು ಮತ್ತು ಸಿಡಿದ ಒಂದು ಚುಕ್ಕೆ; ನಾಲ್ಕನೆಯದರಲ್ಲಿ ಹತ್ತು ಬಿಂದುಗಳು ಒಂದೇ ಲಂಬ ಗೆರೆಯಲ್ಲಿದ್ದು, ದೂರದ ಒಂದೇ ಬಿಂದು ಇಡೀ ಇಳಿಜಾರನ್ನು ತೀರ್ಮಾನಿಸುತ್ತದೆ.