ಗೇಟ್ ತೆಗೆದ ಮೇಲಿನ ಒಂದು ನಿಮಿಷ

ಕಾರ್ ಕಲಿತು ಎರಡೇ ತಿಂಗಳಾಗಿದೆ, ಆಫೀಸಿಗೆ ಹೋಗುವಾಗ ದಿನಾ ಒಂದು ರೈಲ್ವೆ ಗೇಟ್ ದಾಟಬೇಕು, ಅಲ್ಲಿಗೆ ಬಂದರೆ ಕೈ ಬೆವರುತ್ತೆ, ಗೇಟ್‌ಮನ್ ಇರುವ ಕಡೆಯೂ ಹೆದರಬೇಕಾ, ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ. ಕೈ ಬೆವರುವುದು ಒಳ್ಳೆಯದೇ ಬಿಡಿ. ಐದು ವರ್ಷ ಓಡಿಸಿದ ಮೇಲೆ ಬೆವರುವುದು ನಿಲ್ಲುತ್ತದೆ, ಆಗಲೇ ಜನ ಎಡವಟ್ಟು ಮಾಡಿಕೊಳ್ಳುವುದು.

ನಮ್ಮಪ್ಪ ಅರಸೀಕೆರೆ-ಬೀರೂರು ಲೈನಿನಲ್ಲಿ ಗೇಟ್‌ಮನ್ ಆಗಿದ್ದರು. ನಾನು ಹದಿನಾಲ್ಕು ವರ್ಷದಿಂದ ರಸ್ತೆಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತಿದ್ದೇನೆ, ಜಾಸ್ತಿ ತೆಂಗಿನಕಾಯಿ ಲೋಡು. ಹಾಗಾಗಿ ಗೇಟಿನ ಒಳಗಿನ ಕಥೆಯೂ ಗೊತ್ತು, ಹೊರಗೆ ನಿಂತು ಹಾರ್ನ್ ಹೊಡೆಯುವವನ ಕಥೆಯೂ ಗೊತ್ತು.

ಎಲ್ಲರೂ ಹೇಳುವುದು ಒಂದೇ, ಗೇಟ್ ಹಾಕಿದಾಗ ನುಗ್ಗಬೇಡಿ ಅಂತ. ಸರಿ, ನುಗ್ಗಬೇಡಿ. ಆದರೆ ನಿಮ್ಮಂಥವರು ಹೇಗೂ ನುಗ್ಗುವುದಿಲ್ಲ. ನಾನು ಹೇಳುವುದು ಬೇರೆ. ಗೇಟ್ ತೆಗೆದ ಮೇಲಿನ ಮೊದಲ ಒಂದು ನಿಮಿಷ ಇದೆಯಲ್ಲ, ಅದನ್ನು ನೋಡಿಕೊಳ್ಳಿ.

ನಮ್ಮ ಕಡೆ ಗೇಟ್ ಬಿದ್ದಾಗ ಏನಾಗುತ್ತದೆ ಅಂತ ನೀವೂ ನೋಡಿರುತ್ತೀರಿ. ಮೊದಲು ನಾಲ್ಕು ಗಾಡಿ ಎಡಕ್ಕೆ ಸರಿಯಾಗಿ ನಿಲ್ಲುತ್ತವೆ. ಐದನೆಯವನಿಗೆ ಅವಸರ, ಬಲಗಡೆ ಖಾಲಿ ಇದೆಯಲ್ಲ ಅಂತ ಮುಂದೆ ಬರುತ್ತಾನೆ. ಅವನ ಹಿಂದೆ ಒಂದು ಆಟೋ, ಸಂದಿಯಲ್ಲೆಲ್ಲ ಬೈಕು. ಆಚೆ ಕಡೆಯೂ ಇದೇ ಕಥೆ. ಐದು ನಿಮಿಷದಲ್ಲಿ ಎರಡೂ ಕಡೆ ಇಡೀ ರಸ್ತೆ ಭರ್ತಿ. ಗೇಟ್ ಮೇಲೆದ್ದ ಕೂಡಲೇ ಎರಡು ಸೈನ್ಯ ಎದುರುಬದುರು ನುಗ್ಗಿದ ಹಾಗೆ, ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುವುದು ಎಲ್ಲಿ? ಸರಿಯಾಗಿ ಹಳಿ ಮೇಲೆ.

ನನಗೂ ಹೀಗೇ ಆಗಿದೆ, ಅದೂ ಅಪ್ಪನ ಗೇಟಿನಲ್ಲೇ. ಗಾಡಿ ಹಿಡಿದು ಆರು ತಿಂಗಳೂ ಆಗಿರಲಿಲ್ಲ. ಒಂದು ಬಸ್ಸಿನ ಹಿಂದೆ ಹೋದೆ, ಬಸ್ಸು ಹೋಗುತ್ತಲ್ಲ ನಾನೂ ಹೋಗುತ್ತೇನೆ ಅಂತ. ಬಸ್ಸು ಹಳಿ ದಾಟಿ ನಿಂತುಬಿಟ್ಟಿತು, ಎದುರಿಗೆ ಈರುಳ್ಳಿ ಲಾರಿ. ನನ್ನ ಮುಂದಿನ ಚಕ್ರ ಒಂದು ಕಂಬಿ ದಾಟಿದೆ, ಹಿಂದಿನದು ಇನ್ನೊಂದರ ಮೇಲೆ. ರಿವರ್ಸ್ ತೆಗೆಯೋಣ ಅಂದರೆ ಹಿಂದೆ ಬೈಕಿನವರು ಜೇನುನೊಣದ ಹಾಗೆ ಮುತ್ತಿಕೊಂಡಿದ್ದಾರೆ. ಅಷ್ಟರಲ್ಲಿ ಗೇಟಿನ ಮನೆಯಲ್ಲಿ ಫೋನ್ ಬಡಿಯತೊಡಗಿತು. ಆ ಸದ್ದು ಚಿಕ್ಕಂದಿನಿಂದ ಕೇಳಿದ್ದೇನೆ, ಅದರ ಅರ್ಥ ಏನು ಅಂತ ಅಲ್ಲಿದ್ದ ಅಷ್ಟು ಜನರಲ್ಲಿ ಗೊತ್ತಿದ್ದದ್ದು ನನಗೂ ಅಪ್ಪನಿಗೂ ಮಾತ್ರ. ಇನ್ನೊಂದು ರೈಲು ಬರುತ್ತಿದೆ, ಗೇಟ್ ಹಾಕು ಅಂತ. ಅಪ್ಪ ಕೆಂಪು ಬಾವುಟ ಹಿಡಿದು ಲಾರಿ ಡ್ರೈವರನಿಗೆ ಬೈಯುತ್ತಾ ಓಡಿ ಬಂದರು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಲಾರಿಯನ್ನು ಹಿಂದೆ ತೆಗೆಸಲು ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ರೈಲು ದೂರದಲ್ಲಿ ಸಿಗ್ನಲ್ ಹತ್ತಿರ ನಿಂತು ಶಿಳ್ಳೆ ಹೊಡೆಯುತ್ತಲೇ ಇತ್ತು. ಮನೆಗೆ ಬಂದ ಮೇಲೆ ಅಪ್ಪ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಊಟಕ್ಕೆ ಕೂತಾಗ ಹೇಳಿದ್ದು ಇಷ್ಟೇ: "ಲೇ, ಆಕಡೆ ನಿನ್ನ ಗಾಡಿ ಬಾಲ ಹಿಡಿಸೋಷ್ಟು ಜಾಗ ಇಲ್ದೆ ಕಂಬಿ ಹತ್ತಬೇಡ."

ಇದೊಂದು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಮುಂದಿನ ಗಾಡಿ ಹಳಿ ದಾಟಿ ಇನ್ನೂ ಮುಂದೆ ಹೋಗಿ, ನಿಮ್ಮ ಇಡೀ ಕಾರು ಹಿಡಿಸುವಷ್ಟು ಜಾಗ ಕಾಣುವವರೆಗೆ ಗೇಟಿನ ಈಚೆಯೇ ನಿಲ್ಲಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಬಾಲದ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಇಲಿನಾಯ್ ರಾಜ್ಯದ ಫಾಕ್ಸ್ ರಿವರ್ ಗ್ರೋವ್ ಅನ್ನುವ ಊರಿನಲ್ಲಿ ನಡೆದದ್ದನ್ನು ನೋಡಿ. 1995ರ ಅಕ್ಟೋಬರ್ 25. ಸ್ಕೂಲ್ ಬಸ್ಸು ಹಳಿ ದಾಟಿ, ಮುಂದಿನ ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಿಂತಿತ್ತು. ಪೂರ್ತಿ ದಾಟಿದ್ದೇನೆ ಅಂತಲೇ ಡ್ರೈವರ್ ಅಂದುಕೊಂಡಿದ್ದರು. ಬಸ್ಸಿನ ಹಿಂಭಾಗ ಸುಮಾರು ಮೂರು ಅಡಿ ಹಳಿ ಕಡೆಗೆ ಚಾಚಿಕೊಂಡಿತ್ತು, ಅಷ್ಟೇ. ರೈಲು ಹೊಡೆದು ಏಳು ಮಕ್ಕಳು ಸತ್ತರು. ರೈಲಿನ ಬೋಗಿ ಹಳಿಗಿಂತ ಅಗಲ, ಎರಡೂ ಕಡೆ ಎರಡೂವರೆ ಅಡಿಯಷ್ಟು ಆಚೆ ಬಂದಿರುತ್ತದೆ. ಕಂಬಿ ದಾಟಿದೆ ಅಂದರೆ ರೈಲಿನ ದಾರಿ ದಾಟಿದೆ ಅಂತಲ್ಲ.

ಇನ್ನು ಗೇಟ್‌ಮನ್ ಇದ್ದ ಮೇಲೂ ಹೆದರಬೇಕಾ ಅನ್ನುವ ಪ್ರಶ್ನೆ. ಗೇಟಿನಲ್ಲಿ ಎರಡು ಜಾತಿ ಇದೆ. ಅಪ್ಪನದು ಇಂಟರ್‌ಲಾಕ್ ಇದ್ದ ಗೇಟು. ಅಂದರೆ ಗೇಟ್ ಪೂರ್ತಿ ಬಿದ್ದು ಲಾಕ್ ಆಗುವವರೆಗೆ ರೈಲಿಗೆ ಸಿಗ್ನಲ್ ಸಿಗುವುದೇ ಇಲ್ಲ. ಒಮ್ಮೆ ಸಿಗ್ನಲ್ ಕೊಟ್ಟ ಮೇಲೆ ರೈಲು ದಾಟುವವರೆಗೆ ಗೇಟ್ ತೆಗೆಯಲೂ ಆಗುವುದಿಲ್ಲ. ನಾನು ಅವತ್ತು ಉಳಿದದ್ದು ಇದರಿಂದ. (ರೈಲೇ ಕಾಣುತ್ತಿಲ್ಲ, ಸುಮ್ನೆ ಗೇಟ್ ಹಾಕಿಕೊಂಡು ಕೂತಿದ್ದಾನೆ ಅಂತ ಗೇಟ್‌ಮನ್‌ಗೆ ಬೈಯುವವರು ಇದನ್ನು ಎರಡು ಸಲ ಓದಿ.) ಇನ್ನೊಂದು ಜಾತಿ ಇಂಟರ್‌ಲಾಕ್ ಇಲ್ಲದ್ದು. ಅಲ್ಲಿ ಸ್ಟೇಷನ್ ಮಾಸ್ಟರ್ ಫೋನ್ ಮಾಡಿ ಹೇಳಬೇಕು, ಗೇಟ್‌ಮನ್ ಗೇಟ್ ಹಾಕಿ ಒಂದು ಗುಟ್ಟಿನ ಸಂಖ್ಯೆ (ಪ್ರೈವೇಟ್ ನಂಬರ್) ಕೊಡಬೇಕು, ಆ ನಂಬರೇ ಸಾಕ್ಷಿ. ಎಲ್ಲಾ ಮನುಷ್ಯರ ಮಾತಿನ ಮೇಲೆ ನಿಂತಿದೆ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಹತ್ತಿರ ಸೆಮ್ಮಂಕುಪ್ಪಂನಲ್ಲಿ ಸ್ಕೂಲ್ ವ್ಯಾನಿಗೆ ರೈಲು ಹೊಡೆದು ಮೂವರು ಮಕ್ಕಳು ಸತ್ತದ್ದು ಇಂಥ ಗೇಟಿನಲ್ಲೇ. ಗೇಟ್ ಇತ್ತು, ಗೇಟ್‌ಮನ್ ಇದ್ದ, ಇಂಟರ್‌ಲಾಕ್ ಇರಲಿಲ್ಲ. ಆಮೇಲೆ ರೈಲ್ವೆಯವರು ನಿಯಮ ಬದಲಿಸಿದರು. ಒಂದು ದಿನಕ್ಕೆ ಓಡುವ ರೈಲಿನ ಸಂಖ್ಯೆಯನ್ನು ದಾಟುವ ಗಾಡಿಗಳ ಸಂಖ್ಯೆಯಿಂದ ಗುಣಿಸಿ ಟಿವಿಯು ಅಂತ ಒಂದು ಲೆಕ್ಕ ಹಾಕುತ್ತಾರೆ. ಇಂಟರ್‌ಲಾಕ್ ಹಾಕಲು ಮೊದಲು ಅದು 20,000 ದಾಟಬೇಕಿತ್ತು, ಈಗ 10,000 ಸಾಕು.

ನಿಮ್ಮ ಗೇಟ್ ಯಾವ ಜಾತಿ ಅಂತ ಕಾರಿನಲ್ಲಿ ಕೂತು ಗೊತ್ತಾಗುವುದಿಲ್ಲ. ಹಾಗಾಗಿ ಗೇಟ್ ತೆರೆದಿದ್ದರೂ ಕತ್ತು ತಿರುಗಿಸಿ ಎರಡೂ ಕಡೆ ನೋಡಿಯೇ ಹೋಗಿ. ಎರಡು ಸೆಕೆಂಡಿನ ಕೆಲಸ. ಗ್ಲಾಸ್ ಇಳಿಸಿ, ಹಾಡು ನಿಲ್ಲಿಸಿ. ಈಗಿನ ಕಾರುಗಳ ಒಳಗೆ ಗ್ಲಾಸ್ ಏರಿಸಿ ಏಸಿ ಹಾಕಿದರೆ ಹೊರಗಿನದು ಏನೂ ಕೇಳುವುದಿಲ್ಲ, ಎಲೆಕ್ಟ್ರಿಕ್ ರೈಲು ಇಂಜಿನ್ನಿಗೆ ಹಳೇ ಡೀಸೆಲ್ ಇಂಜಿನ್ನಿನ ಗುಡುಗೂ ಇಲ್ಲ. ನಮ್ಮ ಲೈನಿನಲ್ಲಿ 2023ರ ಜೂನ್‌ನಿಂದ ವಂದೇ ಭಾರತ್ ಓಡುತ್ತಿದೆ, ಅದು ಹತ್ತಿರ ಬಂದ ಮೇಲೇ ಸದ್ದು. ಇನ್ನೊಂದು ಮೋಸ ಕಣ್ಣಿನದು. ರೈಲು ದೊಡ್ಡದು, ನೇರ ನಮ್ಮ ಕಡೆಗೇ ಬರುತ್ತಿರುತ್ತದೆ, ಹಾಗಾಗಿ ನಿಧಾನಕ್ಕೆ ಬರುತ್ತಿದೆ ಅನ್ನಿಸುತ್ತದೆ. ಗಂಟೆಗೆ 110 ಕಿಲೋಮೀಟರ್ ಅಂದರೆ ಸೆಕೆಂಡಿಗೆ 30 ಮೀಟರ್. 600 ಮೀಟರ್ ದೂರದಲ್ಲಿ ಕಂಡರೆ ನಿಮಗೆ ಉಳಿದಿರುವುದು 20 ಸೆಕೆಂಡು. ಲೋಕೋ ಪೈಲಟ್ (ರೈಲು ಓಡಿಸುವವನು) ನಿಮ್ಮನ್ನು ನೋಡಿ ಆ ಕ್ಷಣವೇ ಬ್ರೇಕ್ ಹಾಕಿದರೂ ನಿಲ್ಲಲು ಒಂದು ಕಿಲೋಮೀಟರ್ ಹತ್ತಿರ ಬೇಕು. ಡಬಲ್ ಲೈನ್ ಆದರೆ ಒಂದು ರೈಲು ಹೋದ ಮೇಲೂ ಕಾಯಿರಿ. ಅದರ ಮರೆಯಲ್ಲಿ ಇನ್ನೊಂದು ಬರುತ್ತಿರಬಹುದು. ಬೂಮ್ (ಗೇಟಿನ ಅಡ್ಡ ಕಂಬ) ಕೆಳಗೆ ಬೈಕ್ ಮಲಗಿಸಿಕೊಂಡು ನುಸುಳುವವರು ಎಷ್ಟೋ ಸಲ ಸಿಕ್ಕಿಬೀಳುವುದು ಈ ಎರಡನೇ ರೈಲಿಗೆ.

ಗೇಟೇ ಇಲ್ಲದ ಕಡೆ ಹೇಗೆ ಅಂತ ಕೇಳಬಹುದು. ಬ್ರಾಡ್ ಗೇಜ್ ಲೈನಿನಲ್ಲಿ ಕಾವಲಿಲ್ಲದ ಕ್ರಾಸಿಂಗ್‌ಗಳನ್ನೆಲ್ಲ 2019ರ ಜನವರಿ ಕೊನೆಗೆ ತೆಗೆದುಹಾಕಿದರು. ಅದಕ್ಕೆ ಹಿಂದಿನ ವರ್ಷವೇ ಉತ್ತರ ಪ್ರದೇಶದ ಕುಶಿನಗರದಲ್ಲಿ ಸ್ಕೂಲ್ ವ್ಯಾನಿನಲ್ಲಿದ್ದ 13 ಮಕ್ಕಳು ಇಂಥ ಕಡೆಯೇ ರೈಲಿಗೆ ಸಿಕ್ಕಿ ಸತ್ತಿದ್ದರು, ಡ್ರೈವರ್ ಕಿವಿಯಲ್ಲಿ ಇಯರ್‌ಫೋನ್ ಇತ್ತು ಅಂತ ಆಗ ವರದಿಯಾಗಿತ್ತು. ಎಲ್ಲಾದರೂ ಕಾವಲಿಲ್ಲದ ಹಳಿ ಸಿಕ್ಕರೆ ಮೋಟಾರು ವಾಹನ ಕಾಯ್ದೆಯ 131ನೇ ಕಲಂ ಏನು ಹೇಳುತ್ತದೋ ಅದನ್ನೇ ಮಾಡಿ. ಗಾಡಿ ನಿಲ್ಲಿಸಿ, ಕಂಡಕ್ಟರ್ ಅಥವಾ ಕ್ಲೀನರ್ ಇಳಿದು ಹಳಿವರೆಗೆ ನಡೆದು ನೋಡಿ ದಾಟಿಸಬೇಕು, ಅವರಿಲ್ಲದಿದ್ದರೆ ಡ್ರೈವರೇ ಇಳಿದು ನೋಡಬೇಕು. ಯಾರೂ ಮಾಡುವುದಿಲ್ಲ. ನೀವು ಮಾಡಿ, ಯಾರು ನಕ್ಕರೆ ಏನಂತೆ.

ಇನ್ನು ಕಾರ್ ಓಡಿಸುವ ಲೆಕ್ಕ. ಗೇಟಿನ ಹತ್ತಿರ ರಸ್ತೆ ದಿಬ್ಬ ಹತ್ತುತ್ತದೆ, ಹೊಸಬರ ಗಾಡಿ ಆಫ್ ಆಗುವುದು ಅಲ್ಲೇ. ಈಚೆ ಇರುವಾಗಲೇ ಫಸ್ಟ್ ಗೇರಿಗೆ ಹಾಕಿ, ಹಳಿ ಪೂರ್ತಿ ದಾಟುವವರೆಗೆ ಗೇರ್ ಬದಲಿಸಬೇಡಿ, ಅರ್ಧ ಕ್ಲಚ್ಚಿನಲ್ಲಿ ಆಟ ಆಡಬೇಡಿ. ಇಂಜಿನ್ ಕೂಗಿದರೆ ಕೂಗಲಿ. ಬೈಕಿನಲ್ಲಿ ಹೋಗುವ ದಿನ ಮಳೆ ಬಂದಿದ್ದರೆ ಒದ್ದೆ ಕಂಬಿ ಸೋಪಿನ ಹಾಗೆ ಜಾರುತ್ತದೆ, ರಸ್ತೆ ಓರೆಯಾಗಿದ್ದರೂ ನೀವು ಕಂಬಿಗೆ ನೇರವಾಗಿ ಅಡ್ಡ ಬರುವ ಹಾಗೆ ದಾಟಿ, ಕಂಬಿ ಮೇಲೆ ಬ್ರೇಕ್ ಮುಟ್ಟಬೇಡಿ.

ಅಷ್ಟೆಲ್ಲಾ ಮಾಡಿಯೂ ಗಾಡಿ ಹಳಿ ಮೇಲೆ ನಿಂತುಹೋದರೆ? ಮೊದಲು ಕಾರಿನಲ್ಲಿದ್ದವರನ್ನೆಲ್ಲ ಇಳಿಸಿ. ಎರಡನೆಯದು ಗೇಟ್‌ಮನ್‌ಗೆ ಕೂಗಿ ಹೇಳಿ. ಜನ ಇದನ್ನೇ ಮರೆಯುತ್ತಾರೆ, ತಾವೇ ತಳ್ಳುತ್ತಾ ನಿಲ್ಲುತ್ತಾರೆ. ಗೇಟ್‌ಮನ್ ಹತ್ತಿರ ಸ್ಟೇಷನ್ನಿಗೆ ಫೋನ್ ಇದೆ, ಕೆಂಪು ಬಾವುಟ ಇದೆ, ರೈಲು ಪಟಾಕಿ ಇದೆ. ಆ ಪಟಾಕಿಯನ್ನು ಹಳಿಗೆ ಕಟ್ಟುತ್ತಾರೆ, 600 ಮೀಟರಿನಲ್ಲಿ ಒಂದು, 1200 ಮೀಟರಿನಲ್ಲಿ ಮೂರು. ಚಕ್ರ ಹತ್ತಿದ ಕೂಡಲೇ ಢಂ ಅನ್ನುತ್ತದೆ, ಲೋಕೋ ಪೈಲಟ್ ಬ್ರೇಕ್ ಹಾಕುತ್ತಾನೆ. ಅಪ್ಪ ಪ್ರತಿ ದಿನ ಡ್ಯೂಟಿಗೆ ಕೂತಾಗ ಆ ಡಬ್ಬಿ ತೆಗೆದು ಎಣಿಸುತ್ತಿದ್ದರು. ರೈಲಿನ ಸುಳಿವಿಲ್ಲ ಅಂದರೆ ಮಾತ್ರ ತಳ್ಳಿ. ಹಳೇ ಗಾಡಿ ಆದರೆ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಕೀ ತಿರುಗಿಸಿದರೆ ಸೆಲ್ಫಿನ ಬಲದಲ್ಲೇ ಕುಂಟುತ್ತಾ ಆಚೆ ಹೋಗುತ್ತದೆ, ಎಷ್ಟೋ ಹೊಸ ಕಾರುಗಳಲ್ಲಿ ಕ್ಲಚ್ ಒತ್ತದೆ ಸೆಲ್ಫ್ ಹೊಡೆಯುವುದೇ ಇಲ್ಲ. ರೈಲು ಕಂಡರೆ ಕಾರಿನ ಆಸೆ ಬಿಟ್ಟು ಓಡಿ. ರೈಲು ಬರುತ್ತಿರುವ ದಿಕ್ಕಿನ ಕಡೆಗೇ, ಆದರೆ ಹಳಿಯಿಂದ ಓರೆಯಾಗಿ ದೂರಕ್ಕೆ. ಹೊಡೆದಾಗ ಕಾರಿನ ಚೂರೆಲ್ಲ ರೈಲು ಹೋಗುವ ದಿಕ್ಕಿಗೆ ಎಗರುತ್ತದೆ, ಆಕಡೆ ಓಡಿದರೆ ಅದು ನಿಮ್ಮ ಬೆನ್ನಿಗೆ. ನೀವು ಒಳಗಿರುವಾಗಲೇ ಬೂಮ್ ಇಳಿಯತೊಡಗಿದರೆ ನಿಲ್ಲಬೇಡಿ, ಹೊರಗೆ ಬನ್ನಿ, ಬೂಮ್‌ಗೆ ತಗುಲಿದರೆ ತಗುಲಲಿ. ಕೇಸು ಆದರೂ ನೋಡಿಕೊಳ್ಳಬಹುದು. ಆದರೆ ಬೇಕಂತಲೇ ಗೇಟ್ ಮುರಿದರೆ ರೈಲ್ವೆ ಕಾಯ್ದೆಯ 160ನೇ ಕಲಂ ಕೆಳಗೆ ಐದು ವರ್ಷದವರೆಗೆ ಜೈಲು, ಅದೂ ಗೊತ್ತಿರಲಿ.

ಈಗ ಗೇಟ್ ತೆಗೆದು ಅಂಡರ್‌ಪಾಸ್ ಮಾಡುತ್ತಿದ್ದಾರೆ. ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಅದು ಕೆರೆ. ನೀರಿನ ಆಳ ಗೊತ್ತಿಲ್ಲದೆ ಇಳಿಯಬೇಡಿ, ಸುತ್ತು ಹಾಕಿಕೊಂಡು ಹೋಗಿ. ನಾನೇ ಒಂದು ಸಲ ಇಳಿದು ಇಂಜಿನ್ನಿಗೆ ನೀರು ಕುಡಿಸಿ ಹದಿನೆಂಟು ಸಾವಿರ ಕಳೆದುಕೊಂಡಿದ್ದೇನೆ.

ನಿಮಗೆ ಒಂದು ಕೆಲಸ. ಭಾನುವಾರ ಕಾರು ಬಿಟ್ಟು ನಡೆದುಕೊಂಡು ಆ ಗೇಟಿಗೆ ಹೋಗಿ. ರೈಲು ಎಷ್ಟು ದೂರದಿಂದ ಕಾಣುತ್ತದೆ, ತಿರುವು ಯಾವ ಕಡೆ ಇದೆ, ಆಚೆ ಎಷ್ಟು ಗಾಡಿ ಹಿಡಿಸುತ್ತದೆ ನೋಡಿಕೊಂಡು ಬನ್ನಿ. ಆಚೆ ಕಡೆ ಒಂದು ಕಂಬವೋ ಟೀ ಅಂಗಡಿಯೋ ಗುರುತಿಟ್ಟುಕೊಳ್ಳಿ. ಮುಂದಿನ ಗಾಡಿ ಅದನ್ನು ದಾಟಿದ ಮೇಲೆ ನೀವು ಕ್ಲಚ್ ಬಿಟ್ಟರೆ ಸಾಕು. ನನ್ನ ಗುರುತು ಒಂದು ಹುಣಸೆ ಮರ ಆಗಿತ್ತು. ರಸ್ತೆ ಅಗಲ ಮಾಡುವಾಗ ಅದನ್ನು ಕಡಿದರು, ಈಗ ಪಂಕ್ಚರ್ ಅಂಗಡಿ ಬೋರ್ಡು.